ಅಂಟುಮೀನಿನ ಕದ

ಅತ್ತ ಇತ್ತ ಹೊರಳಬೇಡ, ಹೇಳ್ತೀನಿ.

ಯಾವುದೋ ಒಂದು ಕಾಲದಲ್ಲಿ ಕಡಲ ಪಕ್ಕದ ಮನೆಯೊಂದರಲ್ಲಿ ಮೂವರು ಸೊಸೆಯರಿದ್ದರಂತೆ. ಕಿರಿಯವಳು ಸಣ್ಣಿ. ನೀರು ಇಳಿದಾಗ ಮೂವರೂ ದೋಣಿಯಲ್ಲಿ ಬಂಡೆಗೆ ಹೋಗಿ, ಕಲ್ಲು ಮಗುಚಿ, ಅಡಿಯಲ್ಲಿದ್ದ ಏಡಿ, ಚಿಪ್ಪು ಹೆಕ್ಕಿ ತರ್ತಿದ್ದರಂತೆ. ದೊಡ್ಡವಳು ಮಗುಚಿದ ಕಲ್ಲನ್ನು ಹಾಗೇ ಬಿಡೋಳಂತೆ, ನಡುವಿನವಳೂ ಹಾಗೇ, ಸಣ್ಣಿ ಮಾತ್ರ ಪ್ರತಿ ಕಲ್ಲನ್ನೂ ಮೊದಲಿದ್ದ ಹಾಗೇ ಇಡೋಳಂತೆ. ಅದಕ್ಕೇ ಅವಳ ಬುಟ್ಟಿ ಯಾವತ್ತೂ ಅರ್ಧ, ಅತ್ತೆ ಬೈಯೋಳಂತೆ.

ಅದೇನು ನಿನ್ನ ತವರುಮನೆ ಬಾಗಿಲೇನೇ, ಅಂತ ದೊಡ್ಡವಳು ಆಡಿಕೊಂಡಳಂತೆ.

"ಕದ ತೆಗೆದವರು ಹಾಕಬೇಕಲ್ಲ ಅಕ್ಕ," ಅಂದಳಂತೆ ಸಣ್ಣಿ.

ಒಂದಿನ ಒಂದು ಕಲ್ಲಿನಡಿ ಹೆಬ್ಬೆರಳಷ್ಟು ಮೀನು. ಹೊಟ್ಟೆಯಿಂದಲೇ ಬಂಡೆಗೆ ಅಂಟಿಕೊಳ್ಳುತ್ತಲ್ಲ, ಆ ಅಂಟುಮೀನು. ಅಪ್ಪಮೀನು. ಸಾಸಿವೆಯಂಥ ಮೊಟ್ಟೆ ಕಾಯ್ತಾ ಕೂತಿತ್ತಂತೆ. ನೀರು ಆರಿದ್ದರೂ ಬಿಟ್ಟು ಹೋಗಿರಲಿಲ್ಲ. ಸಣ್ಣಿ ಮೂರು ಬೊಗಸೆ ತಣ್ಣನೆ ನೀರು ಹೊಯ್ದು, ಕಲ್ಲು ಮುಚ್ಚಿ ಬಂದಳಂತೆ.

ಆಮೇಲೆ ಎರಡು ಹುಣ್ಣಿಮೆ ಕಳೀತು. ಸಣ್ಣಿ ತನ್ನ ಹಸುಗೂಸನ್ನು ದೋಣಿಯಲ್ಲೇ ಮಲಗಿಸಿ, ಹಗ್ಗದ ತುದಿ ಮೇಲೆ ಕಲ್ಲು ಹೇರಿ ಚಿಪ್ಪು ಹೆಕ್ಕೋದಕ್ಕೆ ಹೋದಳಂತೆ. ದೊಡ್ಡವಳು ಏಡಿ ಹುಡುಕ್ತಾ ಬಂದು ಆ ಕಲ್ಲನ್ನೇ ಮಗುಚಿ ಮುಂದೆ ಹೋದಳಂತೆ. ಅಷ್ಟರಲ್ಲಿ ಕಡಲು ಏರಿತು. ಒಂದು ತೆರೆಗೆ ದೋಣಿ ಅಲುಗಿತು, ಇನ್ನೊಂದಕ್ಕೆ ಬಂಡೆ ಬಿಟ್ಟಿತು, ಹಗ್ಗ ಹರಿದಾಡ್ತಾ ಬಂಡೆಯ ಕೊನೆಯಂಚಿಗೆ ಬಂತು. ಸಣ್ಣಿ ಕೂಗ್ತಾ ಓಡಿದಳು, ಕಾಲು ಜಾರಿ ಬಿದ್ದಳು. ಮೂರನೇ ತೆರೆ ಬಂತು. ಹೋಯ್ತು ಮಗು, ಅಂದುಕೊಂಡಳಂತೆ.

ಹೋಗಲಿಲ್ಲ. ಹಗ್ಗ ನಿಂತಿತ್ತು.

ಎದ್ದು ಹೋಗಿ ಹಗ್ಗ ಹಿಡಿದು ನೋಡ್ತಾಳೆ, ಆ ಅಪ್ಪಮೀನು, ಅದರ ಸುತ್ತ ಅಕ್ಕಿಕಾಳಷ್ಟು ಮರಿಗಳು, ನೂರೋ ಇನ್ನೂರೋ. ಹೊಟ್ಟೆಯಲ್ಲಿ ಬಂಡೆ ಹಿಡಿದು, ಬಾಯಲ್ಲಿ ಹಗ್ಗದ ನಾರು ಕಚ್ಚಿಕೊಂಡಿದ್ದವಂತೆ. ಮಗು ಇನ್ನೂ ನಿದ್ದೆಯಲ್ಲೇ ಇತ್ತಂತೆ.

ದೊಡ್ಡವಳೂ ಓಡಿ ಬಂದು ಅದನ್ನು ಕಂಡಳಂತೆ. ಮೊಣಕಾಲುದ್ದ ನೀರಲ್ಲಿ ನಿಂತು, ತಾನು ಮಗುಚಿದ ಕಲ್ಲನ್ನೆಲ್ಲ ಒಂದೊಂದಾಗಿ ತಿರುಗಿ ಇಟ್ಟು ಬಂದಳಂತೆ, ನಡುವಿನವಳೂ ಹಾಗೇ. ಅವತ್ತು ಮೂರು ಬುಟ್ಟಿಯೂ ಅರ್ಧವೇ. ಅತ್ತೆ ಮಗುವನ್ನೆತ್ತಿಕೊಂಡು, ಸಾಕು ಬಿಡಿ, ಇಷ್ಟೇ ಸಾರು ಮಾಡಿ, ಅಂದಳಂತೆ.

ಆ ಮಗುವೇ ಬೆಳೆದು, ನನ್ನ ಅಜ್ಜಿಯಾಗಿ, ನನಗೆ ಈ ಕತೆ ಹೇಳಿದಳು. ಅದಕ್ಕೇ ನಾಳೆ ಕಡಲಿಗೆ ಹೋದಾಗ ಕಲ್ಲು ಎತ್ತಿ ನೋಡು, ಬೇಡ ಅನ್ನಲ್ಲ. ನೋಡಿದ ಮೇಲೆ ಕದ ಹಾಕು.

ಕತೆಗೂ ಕದ ಹಾಕಿದೆ. ಮಲಗು.