ಹಿಡಿ ಮಣ್ಣಿನ ಸಾಲ

“ಅಕ್ಕಾ, ಹಾಲಯ್ಯಜ್ಜನ ಆಶ್ರಮಕ್ಕೆ ದಾರಿ ಯಾವುದು?”

ಬದುವಿನ ಮೇಲೆ ಹುಲ್ಲು ಕೊಯ್ಯುತ್ತಿದ್ದ ದುಗ್ಗವ್ವ ಕುಡುಗೋಲು ನಿಲ್ಲಿಸಿ ತಲೆ ಎತ್ತಿದಳು.

“ನೀನು ಅಲ್ಲೇ ಇರೋಳಲ್ಲೇನು?”

“ಹೌದು.”

“ಬಂದು ಎಷ್ಟು ದಿನ ಆಯ್ತು?”

“ಮೂರು ತಿಂಗಳು.”

“ಮೂರು ತಿಂಗಳು ಉಂಡ ಮನೆಗೆ ದಾರಿ ಕೇಳ್ತೀಯಲ್ಲೇ ತಂಗಿ!”

ಚಂಪಕಾ ನಕ್ಕಳು. ಇನ್ನೇನು ಮಾಡಿಯಾಳು? ಭಾಷೆ ಬರದ ದೇಶಗಳಲ್ಲಿ ರೈಲು ಬದಲಿಸಿದವಳು, ಮರುಭೂಮಿಯಲ್ಲಿ ಒಂಟೆಯವನಿಗೇ ದಾರಿ ತೋರಿಸಿದವಳು, ಆಶ್ರಮದಿಂದ ಒಂದು ಮೈಲಿ ದೂರದ ಜೋಳದ ಹೊಲಗಳ ನಡುವೆ ದಿಕ್ಕು ತಪ್ಪಿ ನಿಂತಿದ್ದಳು.

“ಬೆಳಗ್ಗೆಯಿಂದ ಇಲ್ಲೇ ಸುತ್ತುತಾ ಇದ್ದೀ. ಏನು ಹುಡುಕ್ತೀ?”

“ಮಣ್ಣು.”

ದುಗ್ಗವ್ವ ಸುತ್ತಲೂ ಕಣ್ಣಾಡಿಸಿದಳು. ಕಾಣುವಷ್ಟು ದೂರವೂ ಮಣ್ಣೇ ಇತ್ತು.

“ಒಳ್ಳೇದು,” ಎಂದಳು. “ಸಿಕ್ತಾ?”

ಚಂಪಕಾ ಬದುವಿನ ಮೇಲೆ ಕುಳಿತು ತನ್ನ ಕಥೆ ಹೇಳಿದಳು.

ಹೊಳೆದಂಡೆಯ ಆ ಆಶ್ರಮದಲ್ಲಿ ಪ್ರತಿ ಶಿಷ್ಯರಿಗೂ ಒಂದು ಸೊಪ್ಪಿನ ಪಾತಿ. ನಲವತ್ತು ದಿನಕ್ಕೊಮ್ಮೆ ಸರದಿ. ಆ ದಿನ ಎಲ್ಲರ ರೊಟ್ಟಿಗೂ ಆ ಪಾತಿಯ ಸೊಪ್ಪಿನದೇ ಪಲ್ಯ. ಮೂರು ಸರದಿ ತಪ್ಪಿದವರು ಪಾತಿ ಬಿಟ್ಟುಕೊಟ್ಟು ಹೊರಡಬೇಕು.

ಚಂಪಕಾಳದು ಎರಡು ತಪ್ಪಿತ್ತು.

ಮೊದಲ ಸಲ ಪೇಟೆಯಿಂದ ಯೂರಿಯಾ ತಂದು ಗುಟ್ಟಾಗಿ ಎರಚಿದ್ದಳು. ಹರಿವೆ ವಾರದೊಳಗೆ ಎದ್ದು ನಿಂತಿತು. ಅಂಗೈಯಗಲದ ಎಲೆ. ಅದರ ಬೆನ್ನಿಗೇ ಎಲೆಯಡಿ ಗಿಡಹೇನು ಮುತ್ತಿತು.

ಹಾಲಯ್ಯಜ್ಜ ಉಳಿದಿದ್ದ ಒಂದೆಲೆಯನ್ನು ಕಿತ್ತು ಅಗಿದರು.

“ರುಚಿ ಹೇಗಿದೆ ಅಜ್ಜಾ?”

“ಬಾಯಾರಿಕೆ ಹೋಯ್ತು.”

ಅವಳು ತಲೆ ತಗ್ಗಿಸಿದಳು. “ಹಾಗಾದರೆ ಏನು ಹಾಕಲಿ?”

“ಜೀವಾಮೃತ. ಸಗಣಿ, ಗಂಜಲ ಕೊಟ್ಟಿಗೆಯಲ್ಲಿದೆ. ಬೆಲ್ಲ, ಕಡಲೆಹಿಟ್ಟು ಅಡುಗೆಮನೆಯಲ್ಲಿದೆ. ಹಿಡಿ ಮಣ್ಣು ಮಾತ್ರ ನೀನು ತರಬೇಕು.”

“ಎಲ್ಲಿಯದು?”

“ನಿನಗೆ ಗೊತ್ತಿರೋ ಒಳ್ಳೆ ಮಣ್ಣು.”

ಅವಳಿಗೆ ಗೊತ್ತಿದ್ದ ಮಣ್ಣಿಗೇನೂ ಕೊರತೆಯಿರಲಿಲ್ಲ. ಹೋದಲ್ಲೆಲ್ಲ ಒಂದು ಡಬ್ಬಿ ಮಣ್ಣು ತುಂಬಿಕೊಂಡು ಬರುವುದು ಅವಳ ಚಟ. ಜ್ವಾಲಾಮುಖಿಯ ತಪ್ಪಲಿನ ಕಪ್ಪು, ಚಹಾ ತೋಟದ ಕೆಂಪು, ಕಚ್ಛದ ಬಯಲಿನ ಬಿಳಿ. ಎಲ್ಲ ಸೇರಿ ಹನ್ನೊಂದು ಡಬ್ಬಿ. ಹನ್ನೊಂದನ್ನೂ ಮಡಕೆಗೆ ಸುರಿದಳು. ಲೋಕದಲ್ಲಿ ಇಂಥ ಜೀವಾಮೃತ ಇನ್ನೊಬ್ಬರು ಮಾಡಿರಲಾರರು ಎಂಬ ಹೆಮ್ಮೆ ಬೇರೆ.

ಎಳೆ ಸಸಿಗಳ ತುದಿ ಸುಟ್ಟು ಮುರುಟಿಕೊಂಡಿತು.

ಅಜ್ಜ ಬಿಳಿ ಮಣ್ಣಿದ್ದ ಡಬ್ಬಿಯನ್ನು ಅವಳ ಕೈಗೆ ಕೊಟ್ಟರು. “ಬೆರಳು ಒತ್ತಿ ನೆಕ್ಕು.”

ನೆಕ್ಕಿದಳು. “ಥೂ, ಉಪ್ಪು!”

“ಹರಿವೆಗೂ ಹಾಗೇ ಅನ್ನಿಸಿರಬೇಕು.”

“ಮಿಕ್ಕ ಹತ್ತು ಡಬ್ಬಿಯದು ಉಪ್ಪಲ್ಲವಲ್ಲ ಅಜ್ಜಾ?”

“ಎಷ್ಟು ವರ್ಷದ್ದು?”

“ಕೆಲವು ಹದಿನೈದು ವರ್ಷದ್ದು.”

“ಹದಿನೈದು ವರ್ಷ ನೀರು, ಗಾಳಿ ಇಲ್ಲದೆ ಡಬ್ಬಿಯಲ್ಲಿ ಕೂತವರು ಬಂದು ಏನು ಕೆಲಸ ಮಾಡಿಯಾರು?”

“ಕೂತವರಾ? ಯಾರು ಅಜ್ಜಾ?”

ಅಜ್ಜ ಡಬ್ಬಿಯ ಮುಚ್ಚಳ ಹಾಕಿದರು.

“ಈ ಸಲವಾದರೂ ಹೇಳಿಬಿಡಿ. ಎಂಥ ಮಣ್ಣು ಬೇಕು?”

“ಯಾರೂ ಬಿತ್ತದ, ಆದರೂ ಬರಿದಾಗಿರದ ನೆಲದ್ದು. ಹೋಗಿ ಹೊತ್ತು ಮುಳುಗೋದರೊಳಗೆ ತಿರುಗಿ ಬರುವಷ್ಟು ಹತ್ತಿರದ್ದು.”

ಅವಳ ಮುಖ ನೋಡಿ ಅಜ್ಜ ನಕ್ಕರು. “ಅಷ್ಟೊಂದು ಊರು ಬಿಟ್ಟು ಬಂದವಳು. ಇದೊಂದು ಬಿಡೋದಕ್ಕೆ ಯಾಕೆ ಅಳುಮುಖ?”

“ಬೇರೆ ಕಡೆಯಿಂದೆಲ್ಲ ಸಾಕಾಗಿ ಹೊರಟೆ ಅಜ್ಜಾ. ಇಲ್ಲಿ ನನಗೆ ಇನ್ನೂ ಏನೂ ತಿಳಿದೇ ಇಲ್ಲ.”

ಕಥೆ ಮುಗಿಯಿತು. ದುಗ್ಗವ್ವ ಹುಲ್ಲಿನ ಹೊರೆಗೆ ಹಗ್ಗ ಬಿಗಿದಳು.

“ಬಿತ್ತದ ನೆಲವಂತೆ. ನೀನು ಕೂತಿದ್ದೀಯಲ್ಲ, ಅದೇನು ಮಂಚವಾ?”

ಚಂಪಕಾ ಥಟ್ಟನೆ ಎದ್ದಳು. ಬದುವಿನ ಮೇಲೆ ಒಂದು ಹೊಂಗೆ ಮರ. ಅದರ ಬುಡದಲ್ಲಿ ಉದುರಿದ ಎಲೆ, ಎಲೆಯ ಕೆಳಗೆ ಕೊಳೆತ ಎಲೆ, ಅದರ ಕೆಳಗೆ ಯಾವುದು ಎಲೆ, ಯಾವುದು ಮಣ್ಣು ಎಂದು ಹೇಳಲಾಗದಂಥದ್ದು.

“ನಮ್ಮತ್ತೆ ಕಾಲದಿಂದ ಈ ಬದುವಿಗೆ ನೇಗಿಲು ತಾಗಿಸಿಲ್ಲ,” ಎಂದಳು ದುಗ್ಗವ್ವ.

ಚಂಪಕಾ ಒಂದು ಹಿಡಿ ತೆಗೆದಳು. ತಣ್ಣಗಿತ್ತು. ಕೂದಲಿಗಿಂತ ತೆಳ್ಳಗಿನ ಬಿಳಿ ಎಳೆಗಳು ಅದರ ತುಂಬ ಹಬ್ಬಿದ್ದವು. ಮೂಗಿಗೆ ಹಿಡಿದರೆ ಮೊದಲ ಮಳೆಯ ವಾಸನೆ.

“ಅದು ಸಾಲ, ತಿಳೀತಾ? ತಿರುಗಿ ಕೊಡಬೇಕು.”

“ಹಿಡಿ ಮಣ್ಣಿಗೂ ಸಾಲವಾ ಅಕ್ಕಾ?”

“ಬಂದವರೆಲ್ಲ ಒಂದೊಂದು ಹಿಡಿ ಒಯ್ದರೆ ನಾಳೆ ನನ್ನ ಬದು ಎಲ್ಲಿರುತ್ತೆ? ಈಗ ಹೋಗು. ನಿಮ್ಮ ಕೊಟ್ಟಿಗೆ ವಾಸನೆ ಬರ್ತಾ ಇದೆಯಲ್ಲ, ಅದೇ ದಾರಿ.”

ಬೇವಿನ ನೆರಳಲ್ಲಿ ಮಡಕೆ ಸಿದ್ಧವಾಯಿತು. ದುಗ್ಗವ್ವನ ಸಾಲದ ಮಾತನ್ನು ಅಜ್ಜನಿಗೆ ಹೇಳುತ್ತ ಚಂಪಕಾ ಮುಚ್ಚಳ ಹುಡುಕಿದಳು.

“ಬಿಗಿಯಾಗಿ ಮುಚ್ಚಲಾ ಅಜ್ಜಾ?”

“ನಿನ್ನ ಡಬ್ಬಿಗಳ ಹಾಗಾ?”

ಅವಳು ಮುಚ್ಚಳ ಬಿಟ್ಟು ಗೋಣಿಚೀಲ ಹೊದಿಸಿದಳು. ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ ಕೋಲು ಹಾಕಿ ತಿರುಗಿಸಿದಳು. ಮೂರನೇ ದಿನ ನೊರೆ ಎದ್ದಿತು. ಹುಳಿ ವಾಸನೆ. ಅವಳು ಮೂಗು ಮುಚ್ಚಿಕೊಂಡು ಮಡಕೆಗೆ ಕಿವಿ ಹಚ್ಚಿದಳು.

“ಒಳಗೆ ಏನೋ ಗುಳುಗುಳು ಅನ್ನುತ್ತೆ ಅಜ್ಜಾ.”

“ಏನಂತೆ?”

“ಗೊತ್ತಾಗ್ತಿಲ್ಲ.”

“ಆ ಹಿಡಿ ಮಣ್ಣಿನಲ್ಲಿ ಮಲಗಿದ್ದವರನ್ನ ಬೆಲ್ಲ ಕೊಟ್ಟು ಎಬ್ಬಿಸಿದ್ದೀಯ. ಕೆಲಸ ಕೇಳ್ತಾ ಇದ್ದಾರೆ.”

ಏಳನೇ ದಿನ ಒಂದು ಚೊಂಬಿಗೆ ಹತ್ತು ಚೊಂಬು ನೀರು ಬೆರೆಸಿ, ಸಂಜೆ ಹೊತ್ತು, ಒದ್ದೆ ಪಾತಿಯಲ್ಲಿ ಸಸಿಗಳ ಬುಡಕ್ಕೆ ಹನಿಸಿದಳು. ಹದಿನೈದು ದಿನ ಬಿಟ್ಟು ಮತ್ತೊಮ್ಮೆ. ಅಷ್ಟರ ನಡುವೆ ದಿನಕ್ಕೆ ಹತ್ತು ಸಲ ಹೋಗಿ ನೋಡಿದಳು. ಎಲೆ ಯೂರಿಯಾ ಹಾಕಿದಾಗಿನಷ್ಟು ಅಗಲವಾಗಲಿಲ್ಲ. ಅವಳಿಗೆ ದಿಗಿಲಾಯಿತು. ಆದರೆ ಮುಟ್ಟಿದರೆ ದಪ್ಪಗಿತ್ತು. ಬಾಗಿಸಿದರೆ ಪುಟಿದು ನಿಲ್ಲುತ್ತಿತ್ತು. ಒಂದು ದಿನ ಮಣ್ಣು ಕೆದಕಿದಾಗ ಎರೆಹುಳುವೊಂದು ಅವಸರದಲ್ಲಿ ಒಳಗೆ ಜಾರಿತು.

ಮೂರನೇ ಸರದಿಯ ಬೆಳಗ್ಗೆ ಅವಳು ಕುಡುಗೋಲು ಹಿಡಿದು ಪಾತಿಗಿಳಿದಳು. ಅಜ್ಜ ಕೋಲಿನಿಂದ ಮೂಲೆಯ ಐದು ಗಿಡ ತೋರಿಸಿದರು.

“ಅವನ್ನ ಬಿಡು.”

“ಯಾಕೆ?”

“ಪಲ್ಯಕ್ಕೆ ಹೊತ್ತಾಯ್ತು.”

ಊಟದ ಸಾಲಿನಲ್ಲಿ ಚಂಪಕಾ ರೊಟ್ಟಿ ಮುರಿಯಲಿಲ್ಲ. ಅಜ್ಜನ ಬಾಯನ್ನೇ ನೋಡುತ್ತಿದ್ದಳು. ಅಜ್ಜ ನಿಧಾನವಾಗಿ ಅಗಿದರು. ಇನ್ನೊಂದು ಸೌಟು ಹಾಕಿಸಿಕೊಂಡರು. ಅದನ್ನೂ ಅಗಿದರು.

“ಒಂದು ಲೋಟ ನೀರು ಕೊಡು,” ಎಂದರು. “ಈ ಸೊಪ್ಪಿನಲ್ಲಿ ಸೊಪ್ಪೇ ಇದೆ.”

ಅವಳು ಲೋಟ ತುಂಬಿ ಕೊಟ್ಟಳು. “ಹಾಗಾದರೆ ನಾನು ಇಲ್ಲಿರಬಹುದಾ ಅಜ್ಜಾ?”

“ಸಾಲ ಇಟ್ಟುಕೊಂಡಾ?”

ಆ ಸಂಜೆ ಅವಳು ಯಾರಲ್ಲೂ ದಾರಿ ಕೇಳಲಿಲ್ಲ. ಅಜ್ಜ ಕೋಲೂರುತ್ತ ಹಿಂದೆ ಬಂದರು. ಹೊಂಗೆಯ ಬುಡದಲ್ಲಿ ದುಗ್ಗವ್ವ ಇದ್ದಳು. ಚಂಪಕಾ ಮೊದಲು ಹರಿವೆಯ ಕಟ್ಟು ಕೊಟ್ಟಳು.

“ಸೊಪ್ಪು ಬಂತು,” ದುಗ್ಗವ್ವ ಅದನ್ನು ಪಕ್ಕಕ್ಕಿಟ್ಟಳು. “ಮಣ್ಣು?”

ಚಂಪಕಾ ಮುಷ್ಟಿ ಬಿಚ್ಚಿದಳು. ಅವಳ ಪಾತಿಯ ಮಣ್ಣು. ದುಗ್ಗವ್ವ ಚಿಟಿಕೆ ತೆಗೆದು ತಿಕ್ಕಿ ನೋಡಿದಳು.

“ಇದು ನಾನು ಕೊಟ್ಟಿದ್ದಲ್ಲ.”

“ಅದು ಪಾತಿ ತುಂಬ ಹರಡಿಬಿಟ್ಟಿದೆ ಅಕ್ಕಾ. ಹೇಗೆ ಆರಿಸಿ ತರಲಿ?”

ಅಷ್ಟರಲ್ಲಿ ಆ ಮಣ್ಣಿನಿಂದ ಎಳೆ ಎರೆಹುಳುವೊಂದು ತಲೆ ಹಾಕಿತು. ದುಗ್ಗವ್ವ ಅದನ್ನು ಮೆಲ್ಲಗೆ ಬದುವಿಗೆ ದಾಟಿಸಿದಳು.

“ಇದು ಬಡ್ಡಿ. ಇನ್ನು ಅಸಲು ಹಾಕು.”

ಚಂಪಕಾ ಮಂಡಿಯೂರಿ, ಎಲೆ ಸರಿಸಿ, ಹಿಡಿ ಮಣ್ಣನ್ನು ಹೊಂಗೆಯ ಬುಡಕ್ಕೆ ಸುರಿದು, ಮತ್ತೆ ಎಲೆ ಹೊದಿಸಿದಳು. ಕೈ ಒರೆಸಿಕೊಳ್ಳದೆ ಅಜ್ಜನ ಕಡೆ ತಿರುಗಿದಳು.

“ಸಾಲ ತೀರಿತು ಅಜ್ಜಾ. ಈಗ ಹೇಳಿ.”

“ಆ ಹನ್ನೊಂದು ಡಬ್ಬಿ ತೊಳೆದು ಒಣಗಿಸಿಡು,” ಎಂದರು ಅಜ್ಜ. “ಮೂಲೆಯ ಆ ಐದು ಹರಿವೆ ಗಿಡ ಬೀಜ ಕಟ್ಟೋದಕ್ಕೆ ಇನ್ನೂ ಎರಡು ತಿಂಗಳಿದೆ.”