ಗೋಡೆಯಿಂದ ಇಳಿದ ಸರ್ಟಿಫಿಕೇಟು

ಆನೆಗಳು ಹೊಳೆಗೊಂದು ಸೇತುವೆ ಕಟ್ಟಿಸಲು ಹೊರಟವು. ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಪರೀಕ್ಷೆ ಪಾಸಾದವರೇ ಉಸ್ತುವಾರಿ ನೋಡಬೇಕೆಂದು ಷರತ್ತು ಹಾಕಿದವು. ಗುತ್ತಿಗೆದಾರ ನರಿ, ಆ ಪರೀಕ್ಷೆ ಪಾಸಾಗಿದ್ದ ನೀರುನಾಯಿಯನ್ನು ಕೆಲಸಕ್ಕೆ ಸೇರಿಸಿಕೊಂಡು, ಅದರ ಸರ್ಟಿಫಿಕೇಟನ್ನು ಕಚೇರಿಯ ಗೋಡೆಗೆ ತೂಗುಹಾಕಿ ಗುತ್ತಿಗೆ ಗಿಟ್ಟಿಸಿತು.

ನೀರುನಾಯಿ ಕೆಲಸ ನೋಡಲು ಬಂದಾಗಲೆಲ್ಲ ನರಿ ನಯವಾಗಿ ತಡೆಯುತ್ತಿತ್ತು. "ನೀವ್ಯಾಕೆ ಬಂದಿರಿ? ನಮಗೆ ಬೇಕಿದ್ದದ್ದು ನಿಮ್ಮ ಸರ್ಟಿಫಿಕೇಟು. ಮನೆಯಲ್ಲಿರಿ, ಸಂಬಳದ ಮೀನು ಬಾಗಿಲಿಗೇ ಬರುತ್ತದೆ."

ಉದ್ಘಾಟನೆಯ ಬೆಳಿಗ್ಗೆ ನೀರುನಾಯಿ ಹೊಳೆಯಲ್ಲಿ ಮುಳುಗಿ ನೋಡಿದರೆ, ನಡುವಿನ ಕಂಬ ಬರೀ ಮರಳಿನ ಮೇಲೆ ನಿಂತಿತ್ತು. ಅದು ನೇರ ಕಚೇರಿಗೆ ನುಗ್ಗಿ, ಗೋಡೆಯ ಮೇಲಿದ್ದ ಸರ್ಟಿಫಿಕೇಟನ್ನು ಕಿತ್ತುಕೊಂಡು ಬಂದು, ತಮ್ಮ ಮರಿಗಳೊಂದಿಗೆ ಸೇತುವೆ ಹತ್ತಲಿದ್ದ ಆನೆಗಳಿಗೆ ಅಡ್ಡ ನಿಂತಿತು.

"ದಾರಿ ಬಿಡು!" ಎಂದು ನರಿ ಅರಚಿತು. "ನಿನ್ನಂಥ ಪಾಸಾದವರು ಬೇಕಾದಷ್ಟು ಸಿಗುತ್ತಾರೆ. ನಿನ್ನ ಕೆಲಸ ಹೋಯಿತು ಅಂತ ತಿಳಿದುಕೋ!"

"ಹೋಗುವುದಕ್ಕೆ ನೀನು ಕೆಲಸ ಕೊಟ್ಟಿದ್ದಾದರೂ ಯಾವಾಗ?" ಎಂದಿತು ನೀರುನಾಯಿ. "ಇದರ ಮೇಲಿರುವುದು ನನ್ನ ಹೆಸರು. ಮರಳಿನ ಮೇಲೆ ನಿಂತ ಸೇತುವೆಯನ್ನು ನಾನು ಒಪ್ಪುವುದಿಲ್ಲ. ನನ್ನ ಕೆಲಸ ಈಗ ಶುರುವಾಯಿತು."

ಎಲ್ಲಕ್ಕಿಂತ ಮುಂದಿದ್ದ ಆನೆ, ಸೇತುವೆಯ ಮೇಲಿಡಲೆಂದು ಎತ್ತಿದ್ದ ಕಾಲನ್ನು ನೆಲಕ್ಕೇ ಇಳಿಸಿತು.