ಕುದುರೆ ಕಿವಿಯಲ್ಲಿ ಮಾತಾಡಲು ಕಲಿತದ್ದು

ಲೋಕ ಹೊಸದಾಗಿದ್ದ ಕಾಲ ಅದು, ಮಗೂ. ಹೊಳೆಗೆ ಇನ್ನೂ ದಾರಿ ಸರಿಯಾಗಿ ಗೊತ್ತಿರಲಿಲ್ಲ, ಸಿಕ್ಕಸಿಕ್ಕ ಬಂಡೆಯನ್ನು ಕೇಳಿಕೊಂಡು ಹರಿಯುತ್ತಿತ್ತು. ಗಾಳಿ ಎಲ್ಲರ ಮನೆಗೂ ಕರೆಯದೆ ನುಗ್ಗುತ್ತಿತ್ತು. ಆ ಚಾಳಿ ಅದಕ್ಕೆ ಇವತ್ತಿಗೂ ಹೋಗಿಲ್ಲ, ಬಿಡು.

ಆಗ ಕುದುರೆಯೂ ನಮ್ಮ ಹಾಗೆ ಬಾಯಿಬಿಟ್ಟು ಮಾತಾಡುತ್ತಿತ್ತು. ಅದರ ಕಿವಿಗಳು ಮಾತ್ರ ಎಮ್ಮೆಯ ಕೊಂಬಿನ ಹಾಗೆ ಅಲುಗಾಡದೆ ನಿಂತಿರುತ್ತಿದ್ದವು.

ಆ ಹೊಳೆಯ ದಂಡೆಯಲ್ಲಿ ಚೌಡವ್ವ ಎಂಬ ಮುದುಕಿ ಇದ್ದಳು. ಅವಳ ಜೊತೆಗೆ ಕೆಂಚ ಎಂಬ ಗಂಡು ಕುದುರೆ. ಎತ್ತಿಗೆ ಮಾಡಿಸುವ ಹಾಗೆ ಎಳವೆಯಲ್ಲೇ ಬೀಜ ಒಡೆಸಿದ್ದರಿಂದ ಕೆಂಚ ಬಲು ಸಾಧು. ಅವನ ಬೆನ್ನ ಮೇಲೆ ಉಪ್ಪಿನ ಮೂಟೆ ಹೇರಿಕೊಂಡು ಇಬ್ಬರೂ ಗುಡ್ಡದ ಊರುಗಳಿಗೆ ಹೋಗಿ ಬರುತ್ತಿದ್ದರು. ದಾರಿಯುದ್ದಕ್ಕೂ ಕೆಂಚ ಕತೆ ಹೇಳುವುದು, ಚೌಡವ್ವ ನಗುವುದು. ಆ ಮುದುಕಿಗೆ ಬೇರೆ ಯಾರೂ ಇರಲಿಲ್ಲ.

ದಿನಾ ಬೆಳಿಗ್ಗೆ ಅವಳು ತೆಂಗಿನ ನಾರು ಹಿಡಿದು ಕೆಂಚನಿಗೆ ಮಾಲೀಸು ಮಾಡುತ್ತಿದ್ದಳು. ಕುತ್ತಿಗೆ ಉಜ್ಜುವಳು, ಬೆನ್ನು ಉಜ್ಜುವಳು, ಪಕ್ಕೆ ಉಜ್ಜುವಳು. ಅಲ್ಲಿಗೆ ನಿಲ್ಲಿಸಿ ಕೇಳುವಳು:

"ಎಲ್ಲಾದ್ರೂ ನೋಯ್ತದೇನೋ, ಕೆಂಚ?"

"ಏನೂ ಇಲ್ಲ ಕಣವ್ವ, ಚೆನ್ನಾಗಿವ್ನಿ."

ಚೌಡವ್ವ ನಾರು ಕೊಡವಿ ಎದ್ದುಬಿಡುವಳು. ಕೇಳಿದ್ದಾಯಿತು, ಅವನು ಹೇಳಿದ್ದೂ ಆಯಿತು, ಇನ್ನು ನೋಡುವುದೇನಿದೆ ಎಂದು ಅವಳ ಲೆಕ್ಕ.

ಆದರೆ ಕೆಂಚ ಹೇಳುತ್ತಿದ್ದುದು ಸುಳ್ಳು. ಹೊಟ್ಟೆಯ ಅಡಿಯಲ್ಲಿ, ಉಚ್ಚೆ ಹೊಯ್ಯುವ ಜಾಗದ ಚರ್ಮದ ಚೀಲದೊಳಗೆ, ಕೊಳೆ ಕಟ್ಟಿ ಕಟ್ಟಿ ಅವರೆಕಾಳಿನಷ್ಟು ದಪ್ಪ ಗಂಟಾಗಿತ್ತು. ಬೀಜ ಒಡೆಸಿದ ಕುದುರೆಗಳಿಗೆ ಹಾಗಾಗುವುದುಂಟು. ಅದರಲ್ಲಿ ನಾಚಿಕೆ ಪಡುವಂಥದ್ದೇನೂ ಇಲ್ಲ. ಆದರೆ ಕೆಂಚನಿಗೆ ನಾಚಿಕೆ. ಆ ಜಾಗ ನೋಯುತ್ತಿದೆ ಎಂದು ಅವ್ವನಿಗೆ ಬಾಯಿಬಿಟ್ಟು ಹೇಳುವುದು ಹೇಗೆ?

ಮೊದಲು ಗಾಳಿಗೆ ಗೊತ್ತಾಯಿತು. "ಚೌಡವ್ವ, ಒಂದು ನೊಣವೂ ಇಲ್ಲ, ಆದ್ರೂ ಅವನು ಬಾಲ ಹೊಡೀತಾವ್ನೆ, ನೋಡು."

"ಅವನೇ ಚೆನ್ನಾಗಿವ್ನಿ ಅಂತಾನೆ. ನಿಂದೇನು ಮಧ್ಯದಲ್ಲಿ?" ಎಂದಳು ಚೌಡವ್ವ.

ಮರುದಿನ ಹೊಳೆ ಹೇಳಿತು. "ಚೌಡವ್ವ, ಕಾಲು ಅಗಲಿಸಿ ನಿಂತ್ಕತಾನೆ, ಒಂದು ತೊಟ್ಟು ಉಚ್ಚೆ ಬರಾಕಿಲ್ಲ."

"ಅವನೇ ಚೆನ್ನಾಗಿವ್ನಿ ಅಂತಾನೆ," ಎಂದಳು ಚೌಡವ್ವ. ಆದರೆ ಈ ಸಲ ದನಿ ಸ್ವಲ್ಪ ಸಣ್ಣಗಾಗಿತ್ತು.

ಅವಳನ್ನು ನಾನು ಬೈಯುವುದಿಲ್ಲ, ಮಗೂ. ಮೊನ್ನೆ ನೀನು ಜ್ವರ ಇಟ್ಟುಕೊಂಡು ಏನೂ ಇಲ್ಲ ಎಂದಾಗ ನಾನೂ ನಂಬಿದ್ದೆ.

ಮೂರನೆಯ ದಿನ ಕೆಂಚ ಹುರುಳಿಯನ್ನು ಮೂಸಿಯೂ ನೋಡಲಿಲ್ಲ. ಮೈಯೆಲ್ಲ ಬೆವರು. ಮಲಗಿದ, ಎದ್ದ, ಮತ್ತೆ ಮಲಗಿದ, ಮತ್ತೆ ಎದ್ದ. ಹೀಗೇ ಬಿಟ್ಟರೆ ಸಂಜೆಯೊಳಗೆ ಸತ್ತೇ ಹೋಗುತ್ತಾನೆ ಎಂದು ಚೌಡವ್ವನಿಗೆ ಗೊತ್ತಾಯಿತು. ಗಾಬರಿಗೆ ಒಂದು ಮಡಕೆ ತಣ್ಣೀರು ತಂದವಳೇ, ಸದ್ದಿಲ್ಲದೆ ಹಿಂದಿನಿಂದ ಹೋಗಿ ಹೊಟ್ಟೆಯಡಿಗೆ ಕೈ ಹಾಕಿದಳು.

ಕೆಂಚ ಒದ್ದ!

ಮಡಕೆ ಚೂರಾಯಿತು. ಚೌಡವ್ವ ತೊಡೆ ಹಿಡಿದುಕೊಂಡು ಮಣ್ಣಲ್ಲಿ ಬಿದ್ದಳು.

"ಅವ್ವ! ಬೇಕೂಂತ ಒದೀಲಿಲ್ಲ ಕಣವ್ವ!"

"ನೋಯ್ತದೆ ಅಂತ ಒಂದು ಮಾತು ಹೇಳಬಾರದಾಗಿತ್ತಾ, ಕೆಂಚ? ದಿನಾ ಕೇಳ್ತಿದ್ನಲ್ಲೋ!" ಎಂದು ಚೌಡವ್ವ ಅತ್ತಳು. ಅವಳಿಗೆ ತೊಡೆಗಿಂತ ಮನಸ್ಸು ಹೆಚ್ಚು ನೊಂದಿತ್ತು.

ಆಗಲೂ ಕೆಂಚನ ಬಾಯಿಗೆ ಬಂದದ್ದು ಏನು ಗೊತ್ತೇ? "ನಂಗೇನೂ ಇಲ್ಲ ಕಣವ್ವ, ಚೆನ್ನಾಗಿವ್ನಿ." ಅಂದವನಿಗೆ ತನ್ನ ಬಾಯಿಯ ಮೇಲೇ ಭಯವಾಯಿತು. ಕಾಲೆಳೆದುಕೊಂಡು ಹೊಳೆಯ ಹತ್ತಿರ ಹೋದ.

"ಹೊಳೆಯವ್ವ, ಈ ಬಾಯಿ ನನ್ನನ್ನ ಕೊಲ್ತದೆ. ಅವ್ವನಿಗೂ ಏಟು ಹಾಕಿಸ್ತು. ಇದರಲ್ಲಿರೋ ಮಾತನ್ನೆಲ್ಲ ತಗೊಂಡ್ಬಿಡು."

"ತಗೊಂಡ್ರೆ ಸಮುದ್ರಕ್ಕೇ ಹೋಗ್ತದೆ. ವಾಪಸ್ ತರಾಕಾಗಲ್ಲ. ನಿನ್ನ ಕತೆಗಳೂ ಹೋಗ್ತವೆ," ಎಂದಿತು ಹೊಳೆ.

ಕೆಂಚನಿಗೆ ಗುಡ್ಡದ ದಾರಿ ನೆನಪಾಯಿತು, ಅವ್ವನ ನಗು ನೆನಪಾಯಿತು. ಕೊನೆಗೆ ಹಿಂದೆ ತಿರುಗಿ ನೋಡಿದ.

"ಅವ್ವ," ಎಂದ. "ನೋಯ್ತದೆ ಕಣವ್ವ."

ಅಷ್ಟು ಹೇಳಿ ಮೂತಿಯನ್ನು ನೀರಿಗೆ ಅದ್ದಿದ. ಮಾತೆಲ್ಲ ಗುಳುಗುಳು ಎಂದು ಹರಿದುಹೋಯಿತು. ಅವನು ಆಡಿದ ಕೊನೆಯ ಮಾತು ಅದು.

ಗಾಳಿಗೆ ಕರುಳು ಚುರುಕ್ ಎಂದಿತು. ಅದು ಅವನ ಕಿವಿಗಳೊಳಗೆ ನುಗ್ಗಿ, ಬುಡವನ್ನು ಸಡಿಲಿಸಿ, ಅತ್ತ ಇತ್ತ ತಿರುಗುವ ಹಾಗೆ ಮಾಡಿತು.

ಚೌಡವ್ವ ಕಣ್ಣೊರೆಸಿಕೊಂಡು ಎದ್ದಳು. ಈ ಸಲ ಬಿಸಿಲಿಗೆ ಕಾದ ಬಂಡೆಗುಳಿಯ ನೀರು ತಂದಳು. ಅವನಿಗೆ ಕಾಣುವಂತೆ ಭುಜದ ಹತ್ತಿರ ಬಂದು ನಿಂತಳು. ಅಂಗೈಯನ್ನು ಭುಜದ ಮೇಲಿಟ್ಟಳು. ಇಟ್ಟ ಕೈ ಎತ್ತದೆ ಪಕ್ಕೆಗೆ ಜಾರಿಸಿದಳು, ಪಕ್ಕೆಯಿಂದ ಹೊಟ್ಟೆಗೆ.

ಕೆಂಚನ ಕಿವಿ ಹಿಂದಕ್ಕೆ ಒರಗಿ ಕುತ್ತಿಗೆಗೆ ಅಂಟಿತು. ಬಾಲ ಫಟ್ ಎಂದಿತು. ಚೌಡವ್ವ ಕೈಯನ್ನು ಅಲ್ಲೇ ನಿಲ್ಲಿಸಿದಳು. ತೆಗೆಯಲಿಲ್ಲ, ಮುಂದೂ ಹೋಗಲಿಲ್ಲ.

ಸ್ವಲ್ಪ ಹೊತ್ತಿಗೆ ಕಿವಿ ಸಡಿಲವಾಯಿತು. ಕೆಳದುಟಿ ಜೋತುಬಿತ್ತು. ಒಂದು ಹಿಂಗಾಲು ಮಡಚಿ ಗೊರಸಿನ ತುದಿಯ ಮೇಲೆ ನಿಂತಿತು. "ಸರಿ, ಈಗ ಆಗ್ಲಿ ಅಂತೀಯ," ಎಂದು ಚೌಡವ್ವ ನೀರು ಹಾಕಿ ಹಾಕಿ ಕೊಳೆ ನೆನೆಸಿದಳು. ಕಿವಿ ಹಿಂದೆ ಹೋದಾಗ ನಿಂತಳು, ಸಡಿಲವಾದಾಗ ಮುಂದೆ ಹೋದಳು. ಕೊನೆಗೂ ಆ ಗಂಟು ಬೆರಳಿಗೆ ಸಿಕ್ಕಿ ಹೊರಗೆ ಬಂತು.

ಆಮೇಲೆ ಕೆಂಚ ಹೊಯ್ದ ನೋಡು ಉಚ್ಚೆ! ನಿಲ್ಲುವ ಲಕ್ಷಣವೇ ಇಲ್ಲ. "ನನಗೊಬ್ಬ ತಮ್ಮ ಹುಟ್ಟಿದ!" ಎಂದು ಹೊಳೆ ನಕ್ಕಿತು. ಚೌಡವ್ವನೂ ನಕ್ಕಳು. ಕೆಂಚ ಮೂಗಿನಲ್ಲಿ ಉದ್ದಕ್ಕೆ ಉಸಿರುಬಿಟ್ಟ.

ಮರುದಿನ ಬೆಳಿಗ್ಗೆ ಮಾಲೀಸು ಮಾಡಿ, ಮುದುಕಿ ಅಭ್ಯಾಸಬಲದಿಂದ ಕೇಳಿಬಿಟ್ಟಳು: "ಎಲ್ಲಾದ್ರೂ ನೋಯ್ತದೇನೋ, ಕೆಂಚ?"

ಕೇಳಿದ ಮೇಲೆ ಅವಳಿಗೆ ನೆನಪಾಯಿತು. ಇನ್ನು ಯಾವ ದಾರಿಯಲ್ಲೂ ಕತೆಯಿಲ್ಲ. ಆದರೆ ಕೆಂಚನ ಒಂದು ಕಿವಿ ಮೆಲ್ಲಗೆ ಅವಳ ಕಡೆ ತಿರುಗಿ, ಅವಳ ದನಿ ಬಂದಲ್ಲೇ ನಿಂತಿತು.

ಅಂದಿನಿಂದ ಕುದುರೆಗಳೆಲ್ಲ ಕಿವಿಯಲ್ಲೇ ಮಾತಾಡುತ್ತವೆ. ಅದಕ್ಕೇ ಮಗೂ, ನಮ್ಮ ಲಾಯದಲ್ಲಿ ನಿನ್ನ ತಾತ ಇವತ್ತಿಗೂ ಇಟ್ಟ ಕೈ ಎತ್ತದೆ ಕುದುರೆಗೆ ಮಾಲೀಸು ಮಾಡುತ್ತಾರೆ, "ನೋಯ್ತದೇನೋ?" ಎಂದು ಬಾಯಿಬಿಟ್ಟು ಕೇಳುತ್ತಾರೆ, ಆಮೇಲೆ ಸುಮ್ಮನೆ ಅದರ ಕಿವಿಯನ್ನೇ ನೋಡುತ್ತ ನಿಲ್ಲುತ್ತಾರೆ.